ಎಲುಬು ಕೂಡಿತು, ಬದುಕು ಕೂಡಿತೇ?



ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲೂಕಿನ ಹಿರೇಹಡಗಲಿ ಕಡೆಯಿಂದ ಓರ್ವ ಸಹೋದರಿಯ ಪತ್ರ ಬಂದಿದೆ. ನಾಲ್ಕು ಪುಟಗಳ ಪತ್ರ. ಹೆಸರು ಹಾಕಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಆದ್ದರಿಂದ ಗುರುತು ಸಿಗುವಂತಹ ವಿವರಗಳನ್ನೆಲ್ಲ ಬಿಟ್ಟು ಅವರ ಸಂಕಟವನ್ನಷ್ಟೇ ಇಲ್ಲಿ ಹೇಳುತ್ತೇನೆ. ಏಕೆಂದರೆ ಆ ಸಂಕಟ ಅವರೊಬ್ಬರದಲ್ಲ.

ಎರಡು ವರ್ಷಗಳ ಹಿಂದೆ ಪತಿಯ ಬೈಕಿನ ಹಿಂದೆ ಕುಳಿತು ತವರಿಗೆ ಹೋಗುತ್ತಿದ್ದಾಗ ಮೆಕ್ಕೆಜೋಳ ಹೇರಿದ್ದ ಟ್ರ್ಯಾಕ್ಟರಿನ ಟ್ರೇಲರ್ ತಗಲಿ ಅವರು ರಸ್ತೆಗೆ ಬಿದ್ದರು. ಸೊಂಟದ ಗೂಡಿನ ಎಲುಬು ಎರಡು ಕಡೆ ಮುರಿದಿತ್ತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಒಂದು ಪ್ಲೇಟ್, ಹಿಂದೆ ಎರಡು ಸ್ಕ್ರೂ. ಮೂರು ತಿಂಗಳು ಹಾಸಿಗೆ. ಆರು ತಿಂಗಳ ನಂತರ ಎಕ್ಸ್‌ರೇ ನೋಡಿದ ವೈದ್ಯರು, "ಎಲುಬು ಚೆನ್ನಾಗಿ ಕೂಡಿದೆ, ಇನ್ನು ಬರಬೇಕಾಗಿಲ್ಲ" ಎಂದರು. ಮನೆಯವರೆಲ್ಲ ಅಲ್ಲಾಹನನ್ನು ಸ್ತುತಿಸಿದರು. ಅವರೂ ಸ್ತುತಿಸಿದರು.

ಆದರೆ ಅವರಿಗೆ ಇಂದಿಗೂ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟಲಾಗುವುದಿಲ್ಲ. ಅರ್ಧ ಗಂಟೆ ಕುಳಿತರೆ ಸೊಂಟದ ಹಿಂಭಾಗದಲ್ಲಿ ಕಬ್ಬಿಣ ಚುಚ್ಚಿದಂತಹ ನೋವು. ಕೆಮ್ಮಿದರೆ, ಕೊಡ ಎತ್ತಿದರೆ ಮೂತ್ರ ಜಿನುಗುತ್ತದೆ. ಆ ಭಯದಿಂದ ಮದುವೆ ಮನೆಗೆ ಹೋಗುವುದನ್ನು ಬಿಟ್ಟಿದ್ದಾರೆ, ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾರೆ. ವುಝೂ ನಿಲ್ಲುವುದಿಲ್ಲವೆಂದು ನಮಾಝ್ ಕೂಡಾ ಒಂದೊಂದಾಗಿ ತಪ್ಪುತ್ತಾ ಬಂದಿದೆ. ಪತಿ ಒಳ್ಳೆಯವರು, ಆದರೆ ಈಗ ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಇಬ್ಬರೂ ಆ ಬಗ್ಗೆ ಮಾತನಾಡಿಲ್ಲ. ಅತ್ತೆಯ ಮನೆಯವರು, "ಆಪರೇಷನ್ ಆಗಿ ಎರಡು ವರ್ಷ ಆಯ್ತಲ್ಲ, ಇನ್ನೂ ಏನು ನೋವು?" ಎನ್ನುತ್ತಾರೆ. ಪತ್ರದ ಕೊನೆಯ ಸಾಲು ಹೀಗಿದೆ: "ಎಕ್ಸ್‌ರೇ ಸರಿ ಇದೆ ಅಂದ ಮೇಲೆ ನಾನೇ ನಾಟಕ ಮಾಡುತ್ತಿದ್ದೇನೆಯೇ?"

ಇಲ್ಲ ಸಹೋದರಿ, ನೀವು ನಾಟಕ ಮಾಡುತ್ತಿಲ್ಲ. ಈ ತಿಂಗಳ ಅಂಕಣವನ್ನು ನಿಮಗೇ ಮೀಸಲಿಡುತ್ತೇನೆ.

ಬಳೆ ಒಂದೇ ಕಡೆ ಒಡೆಯುವುದಿಲ್ಲ

ಮೊದಲು ನಿಮ್ಮ ಮೈಗೆ ಏನಾಯಿತು ಎಂಬುದನ್ನು ತಿಳಿಯಿರಿ. ವೈದ್ಯರು ಪೆಲ್ವಿಸ್ ಎನ್ನುವ ಸೊಂಟದ ಗೂಡು ಒಂದು ಬಳೆಯಂತಿದೆ. ಹಿಂದೆ ಬೆನ್ನೆಲುಬಿನ ಬುಡದ ತ್ರಿಕೋನದ ಎಲುಬು, ಎರಡೂ ಪಕ್ಕಗಳಲ್ಲಿ ಸೊಂಟದ ಎಲುಬುಗಳು, ಮುಂದೆ ಕಿಬ್ಬೊಟ್ಟೆಯ ಕೆಳಗೆ ಅವೆರಡೂ ಸೇರುವ ಜಾಗ. ಗಾಜಿನ ಬಳೆಯನ್ನು ಒತ್ತಿದರೆ ಅದು ಒಂದೇ ಕಡೆ ಒಡೆಯುವುದಿಲ್ಲ. ಹಾಗೆಯೇ ಈ ಗೂಡು ಕೂಡಾ ಜೋರಾದ ಪೆಟ್ಟಿಗೆ ಸಾಮಾನ್ಯವಾಗಿ ಎರಡು ಕಡೆ ಬಿಡುತ್ತದೆ.

ಇಡೀ ದೇಹದ ಭಾರ ಕಾಲಿಗೆ ಇಳಿಯುವುದು ಈ ಬಳೆಯ ಮೂಲಕ. ಅದರೊಳಗೆ ಮೂತ್ರಕೋಶ, ಗರ್ಭಕೋಶ, ಗುದನಾಳ ಇವೆ. ಕಾಲಿಗೆ ಹೋಗುವ ನರಗಳು, ದೊಡ್ಡ ರಕ್ತನಾಳಗಳು ಇವೆ. ಕೆಳಗೆ ಇವನ್ನೆಲ್ಲ ಜೋಳಿಗೆಯಂತೆ ಹೊತ್ತಿರುವ ಸ್ನಾಯುಗಳಿವೆ. ಬಳೆ ಮುರಿಯುವಷ್ಟು ಜೋರಾಗಿ ಪೆಟ್ಟು ಬಿದ್ದಾಗ ಒಳಗಿನವು ಕೂಡಾ ಜಗ್ಗುತ್ತವೆ, ಹರಿಯುತ್ತವೆ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ. ನರ ಕಾಣುವುದಿಲ್ಲ, ಸ್ನಾಯು ಕಾಣುವುದಿಲ್ಲ, ಮೂತ್ರ ಜಿನುಗುವುದು ಕಾಣುವುದಿಲ್ಲ. ರಾತ್ರಿ ದಿಂಬಿಗೆ ಬಿದ್ದ ಕಣ್ಣೀರಂತೂ ಕಾಣುವುದೇ ಇಲ್ಲ.

ಆದ್ದರಿಂದ ವೈದ್ಯರು ಹೇಳಿದ್ದು ಸುಳ್ಳಲ್ಲ, ನೀವು ಹೇಳುತ್ತಿರುವುದೂ ಸುಳ್ಳಲ್ಲ. ಅವರು ಎಲುಬಿನ ಬಗ್ಗೆ ಹೇಳಿದರು, ನೀವು ಬದುಕಿನ ಬಗ್ಗೆ ಹೇಳುತ್ತಿದ್ದೀರಿ. ಇಂತಹ ಗಂಭೀರ ಗಾಯದ ಶಸ್ತ್ರಚಿಕಿತ್ಸೆಯಾದವರನ್ನು ವರ್ಷಗಟ್ಟಲೆ ಗಮನಿಸಿದ ವೈದ್ಯರು ಹಲವು ದೇಶಗಳಲ್ಲಿ ಇದನ್ನೇ ಬರೆದಿದ್ದಾರೆ. ಎಲುಬು ಸರಿಯಾಗಿ ಕೂಡಿದವರಲ್ಲೂ ಅನೇಕರಿಗೆ ಸೊಂಟದ ಹಿಂಭಾಗದ ನೋವು, ಹೆಚ್ಚು ಹೊತ್ತು ಕುಳಿತುಕೊಳ್ಳಲಾಗದಿರುವುದು, ಮೂತ್ರದ ತೊಂದರೆ, ದಾಂಪತ್ಯದಲ್ಲಿ ನೋವು, ಖಿನ್ನತೆ ಉಳಿಯುತ್ತವೆ. ನರಕ್ಕೆ ಪೆಟ್ಟಾಗಿದ್ದರೆ ತೊಂದರೆ ಇನ್ನೂ ಹೆಚ್ಚು. ಚೇತರಿಕೆಯ ಬಹುಪಾಲು ಮೊದಲ ವರ್ಷದಲ್ಲಿ ಆಗುತ್ತದೆ, ಆ ಬಳಿಕವೂ ನಿಧಾನವಾಗಿ ಸುಧಾರಣೆ ಇರುತ್ತದೆ. ಎರಡು ವರ್ಷವಾದರೂ ಉಳಿದಿರುವ ನೋವು ಸೋಮಾರಿತನವಲ್ಲ, ನೆಪವಲ್ಲ. ಅದು ಗಾಯದ್ದೇ ಉಳಿಕೆ. ಮನೆಯವರು ಇದನ್ನು ಓದಲಿ.

ಅಳತೆಗೋಲು ಯಾರದು?

1989ರಲ್ಲಿ ಎಸ್.ಎ. ಮಜೀದ್ ಎಂಬ ವೈದ್ಯರು ಇಂತಹ ರೋಗಿಗಳ ಚೇತರಿಕೆಯನ್ನು ಅಳೆಯಲು ಒಂದು ಅಂಕಪಟ್ಟಿ ಮಾಡಿದರು. ಅದು ಇಂದಿಗೂ ಬಳಕೆಯಲ್ಲಿದೆ. ಒಟ್ಟು 100 ಅಂಕಗಳು. ನೋವಿಗೆ 30, ನಿಲ್ಲುವುದು ಮತ್ತು ನಡೆಯುವುದಕ್ಕೆ 36, ಕೆಲಸಕ್ಕೆ 20, ಕುಳಿತುಕೊಳ್ಳುವುದಕ್ಕೆ 10, ದಾಂಪತ್ಯಕ್ಕೆ 4. ಗಾಯದ ಮೊದಲು ಕೆಲಸ ಮಾಡದಿದ್ದವರಿಗೆ ಆ 20 ಅಂಕಗಳನ್ನು ಬಿಟ್ಟು 80ಕ್ಕೆ ಲೆಕ್ಕ.

ಕೇವಲ ಎಲುಬನ್ನು ನೋಡದೆ ಮನುಷ್ಯನನ್ನು ಕೇಳಬೇಕು ಎಂದದ್ದು ಆ ಪಟ್ಟಿಯ ಹೆಚ್ಚುಗಾರಿಕೆ. ಆದರೆ ನಮ್ಮ ಕಡೆಯ ಒಬ್ಬ ಗೃಹಿಣಿಯನ್ನು ಅದರಲ್ಲಿ ಎಲ್ಲಿ ಕೂರಿಸುವುದು? ಬೆಳಿಗ್ಗೆ ಫಜ್ರ್‌ಗೆ ಎದ್ದು ರೊಟ್ಟಿ ತಟ್ಟುವ, ನೀರು ಹೊರುವ, ಬಟ್ಟೆ ಒಗೆಯುವ, ಮೊಗ್ಗು ಬಿಡಿಸಿ ಮಲ್ಲಿಗೆ ದಂಡೆ ಕಟ್ಟುವ ಹಡಗಲಿಯ ಹೆಣ್ಣು ಮಗಳು 'ಕೆಲಸ ಮಾಡದವಳು' ಆಗುತ್ತಾಳೆಯೇ? ಕುಳಿತುಕೊಳ್ಳುವುದಕ್ಕೆ ಅಂಕವಿದೆ, ಆದರೆ ಕುಕ್ಕರಗಾಲಲ್ಲಿ ಕುಳಿತುಕೊಳ್ಳುವುದಕ್ಕೆ ಇಲ್ಲ. ದಸ್ತರಖಾನ್ ಮುಂದೆ ನೆಲದಲ್ಲಿ ಕುಳಿತು ಉಣ್ಣುವುದಕ್ಕೆ, ಸುಜೂದ್‌ನಿಂದ ಏಳುವುದಕ್ಕೆ ಇಲ್ಲ.

ಹಾಗಾಗಿ ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ನಿಮ್ಮದೇ ಪಟ್ಟಿ ಮಾಡಿಕೊಂಡು ಹೋಗಿರಿ. ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ನಿಮಿಷ ಕೂರಬಲ್ಲೆ, ಎಷ್ಟು ದೂರ ನಡೆಯಬಲ್ಲೆ? ನೆಲದಿಂದ ಆಸರೆಯಿಲ್ಲದೆ ಏಳಬಲ್ಲೆನೇ? ದಿನಕ್ಕೆ ಎಷ್ಟು ಸಲ, ಯಾವಾಗ ಮೂತ್ರ ಜಿನುಗುತ್ತದೆ? ಮಲಬದ್ಧತೆ ಇದೆಯೇ? ಪಾದ ಎತ್ತಲು ಕಷ್ಟವೇ, ಎಲ್ಲಾದರೂ ಮರಗಟ್ಟಿದೆಯೇ? ದಾಂಪತ್ಯದಲ್ಲಿ ನೋವಿದೆಯೇ? ರಾತ್ರಿ ನಿದ್ದೆ ಬರುತ್ತದೆಯೇ? ಬಾಯಲ್ಲಿ ಹೇಳಲು ನಾಚಿಕೆಯಾದರೆ ಆ ಹಾಳೆಯನ್ನೇ ವೈದ್ಯರ ಕೈಗೆ ಕೊಡಿ. ವೈದ್ಯರು ಕೇಳಲಿಲ್ಲವೆಂದು ನಾವು ಹೇಳದಿದ್ದರೆ, ನಾವು ಹೇಳಲಿಲ್ಲವೆಂದು ಅವರು ಕೇಳದಿದ್ದರೆ ತೊಂದರೆ ಇಬ್ಬರ ನಡುವೆ ಹಾಗೆಯೇ ಉಳಿದುಬಿಡುತ್ತದೆ.

ನಾಚಿಕೆ ಮತ್ತು ನಾಚಿಕೆಪಡಬೇಕಾಗಿಲ್ಲದ್ದು

ಲಜ್ಜೆ ಈಮಾನಿನ ಭಾಗ. ಆದರೆ ಲಜ್ಜೆಯ ಹೆಸರಲ್ಲಿ ಕಾಯಿಲೆಯನ್ನು ಮುಚ್ಚಿಡುವುದನ್ನು ನಮಗೆ ಯಾರು ಕಲಿಸಿದರು? ಲಜ್ಜೆ ಧರ್ಮದ ವಿಷಯವನ್ನು ತಿಳಿದುಕೊಳ್ಳಲು ಅಡ್ಡಿಯಾಗದ ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದಾರೆ. ಆ ಮಹಿಳೆಯರು ತಮ್ಮ ಶರೀರದ ಬಗ್ಗೆ ಪ್ರವಾದಿವರ್ಯರಲ್ಲೇ(ಸ) ಪ್ರಶ್ನೆ ಕೇಳುತ್ತಿದ್ದರು.

ಇಮ್ರಾನ್ ಬಿನ್ ಹುಸೈನ್(ರ) ಅವರ ವಿಷಯ ನೋಡಿ. ಅವರಿಗೆ ಮೂಲವ್ಯಾಧಿಯಿತ್ತು. ಇಂದಿಗೂ ಜನ ಹೇಳಿಕೊಳ್ಳಲು ಮುಜುಗರಪಡುವ ಕಾಯಿಲೆ ಅದು. ಅವರು ನೇರವಾಗಿ ಪ್ರವಾದಿವರ್ಯರಲ್ಲಿ(ಸ) ನಮಾಝಿನ ಬಗ್ಗೆ ವಿಚಾರಿಸಿದರು. ನಿಂತು ನಿರ್ವಹಿಸಿ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಒಂದು ಪಾರ್ಶ್ವಕ್ಕೆ ಮಲಗಿ ನಿರ್ವಹಿಸಿ ಎಂಬ ಅರ್ಥದ ಉತ್ತರ ಸಿಕ್ಕಿತು. ಇದು ಬುಖಾರಿಯಲ್ಲಿದೆ. ಒಬ್ಬ ರೋಗಿ ನಾಚಿಕೆಪಡದೆ ಕೇಳಿದ ಪ್ರಶ್ನೆಯಿಂದಾಗಿ ಇಂದು ಜಗತ್ತಿನಲ್ಲಿರುವ ಎಲ್ಲ ರೋಗಿಗಳಿಗೂ ದಾರಿ ಸಿಕ್ಕಿದೆ.

ಆದ್ದರಿಂದ ಸಹೋದರಿ, ಕುರ್ಚಿಯಲ್ಲಿ ಕುಳಿತು ನಮಾಝ್ ನಿರ್ವಹಿಸಿ. ಸುಜೂದ್ ಮಾಡಲಾಗದವರು ತಲೆಬಾಗಿಸಿ ಸಂಜ್ಞೆಯಿಂದ ಮಾಡುತ್ತಾರೆ, ರುಕೂಗಿಂತ ಸುಜೂದ್‌ಗೆ ಸ್ವಲ್ಪ ಹೆಚ್ಚು ಬಾಗುತ್ತಾರೆ. ಕುರ್ಚಿಯ ಮೇಲಿನ ನಮಾಝ್ ಕಡಿಮೆ ದರ್ಜೆಯ ನಮಾಝ್ ಎಂಬ ಭಾವನೆ ಬೇಡ. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ ಅದು.

ವುಝೂವಿನ ಬಗ್ಗೆ ನಿಮ್ಮ ಆತಂಕ ದೊಡ್ಡದು. ರಕ್ತಸ್ರಾವ ನಿಲ್ಲದ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಅವರಿಗೆ ನಮಾಝ್ ಬಿಡುವಂತೆ ಹೇಳಲಿಲ್ಲ, ಪ್ರತಿ ನಮಾಝಿಗೂ ವುಝೂ ಮಾಡಿಕೊಳ್ಳುವಂತೆ ಹೇಳಲಾಯಿತು. ಮೂತ್ರ ನಿರಂತರವಾಗಿ ಜಿನುಗುವವರಿಗೂ ವಿದ್ವಾಂಸರು ಇದನ್ನೇ ಆಧಾರವಾಗಿಟ್ಟು ದಾರಿ ತೋರಿಸಿದ್ದಾರೆ. ಶುಚಿ ಮಾಡಿ, ಪ್ಯಾಡ್ ಇಟ್ಟು, ವುಝೂ ಮಾಡಿ ನಮಾಝ್ ಮಾಡುವುದು. ಕೆಮ್ಮಿದಾಗ ಮಾತ್ರ ಜಿನುಗುವುದಾದರೆ ಅದು ನಿರಂತರವಲ್ಲ, ಆಗ ಮತ್ತೆ ವುಝೂ ಮಾಡಿದರಾಯಿತು. ನಿಮ್ಮದು ಯಾವ ಬಗೆ, ನಿಮ್ಮ ಮಝ್‌ಹಬ್‌ನಲ್ಲಿ ವಿಧಿ ಹೇಗೆ ಎಂಬುದನ್ನು ತಿಳಿದ ಆಲಿಮರಲ್ಲಿ ಅಥವಾ ಆಲಿಮಾರಲ್ಲಿ ಕೇಳಿರಿ. ಫೋನಿನಲ್ಲಿ, ಹೆಸರು ಹೇಳದೆಯೂ ಕೇಳಬಹುದು. ಆದರೆ ನಮಾಝ್ ಬಿಡಬೇಡಿ. ಯಾರ ಬಳಿಯೂ ಹೇಳಿಕೊಳ್ಳಲಾಗದ ದುಃಖವನ್ನು ಹೇಳಿಕೊಳ್ಳುವ ಜಾಗ ಅದೊಂದೇ ಇರುವಾಗ ಅದನ್ನೂ ಕಳೆದುಕೊಳ್ಳುವುದೇಕೆ?

ಮೂತ್ರದ ತೊಂದರೆಗೆ ಮದ್ದಿದೆ

1997ರಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಸೊಂಟದ ಗೂಡು ಮುರಿದ ಮಹಿಳೆಯರನ್ನು ಕೈಕಾಲು ಮುರಿದ ಮಹಿಳೆಯರೊಂದಿಗೆ ಹೋಲಿಸಿದರು. ಮೂತ್ರದ ತೊಂದರೆ ಮೊದಲನೆಯ ಗುಂಪಿನಲ್ಲಿ ಶೇ. 21, ಎರಡನೆಯ ಗುಂಪಿನಲ್ಲಿ ಶೇ. 7. ಎಲುಬು 5 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಸರಿದು ಉಳಿದವರಲ್ಲಿ ತೊಂದರೆ ಇನ್ನೂ ಹೆಚ್ಚು. ಅಂದರೆ ಐವರಲ್ಲಿ ಒಬ್ಬರಿಗೆ ನಿಮ್ಮಂತೆಯೇ ಆಗಿದೆ. ಅವರೂ ನಿಮ್ಮಂತೆಯೇ ತಮಗೊಬ್ಬರಿಗೇ ಹೀಗೆ ಎಂದುಕೊಂಡಿರಬಹುದು.

ಮೊದಲ ಮಾತು, ನೀರು ಕಡಿಮೆ ಮಾಡಬೇಡಿ. ನೀರು ಕಡಿಮೆಯಾದರೆ ಮೂತ್ರ ದಟ್ಟವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕು ಬರುತ್ತದೆ, ಮಲಬದ್ಧತೆಯಾಗುತ್ತದೆ. ಜಿನುಗುವುದು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಎರಡನೆಯದು ವ್ಯಾಯಾಮ. ಮೂತ್ರ ತಡೆಹಿಡಿಯುವಾಗ ಯಾವ ಸ್ನಾಯುಗಳನ್ನು ಬಿಗಿ ಹಿಡಿಯುತ್ತೇವೋ ಅವನ್ನು ಬಿಗಿ ಹಿಡಿದು ಐದು ಎಣಿಸಿ, ಸಡಿಲಿಸಿ ಐದು ಎಣಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಲಗಿ ಮಾಡಬಹುದು, ಕುಳಿತು ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಉಸಿರು ಬಿಗಿಹಿಡಿಯಬಾರದು, ಮೂತ್ರ ಮಾಡುತ್ತಿರುವಾಗ ಅಭ್ಯಾಸ ಮಾಡಬಾರದು. ಅರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಹೆರಿಗೆಯಾದ ಮಹಿಳೆಯರಿಗಾಗಿ ಇದನ್ನು ಪ್ರಚಾರಕ್ಕೆ ತಂದರು. ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಬಿಗಿಹಿಡಿದಾಗ ನೋವು ಹೆಚ್ಚಾಗುವುದಾದರೆ ಮಾತ್ರ ನಿಲ್ಲಿಸಿ, ಫಿಸಿಯೋಥೆರಪಿಸ್ಟರನ್ನು ಕಾಣಿರಿ. ಕೆಲವರಲ್ಲಿ ಸ್ನಾಯು ಸಡಿಲವಾಗಿರುವುದಿಲ್ಲ, ಸೆಟೆದುಕೊಂಡಿರುತ್ತದೆ. ಅವರಿಗೆ ಬೇರೆಯೇ ವ್ಯಾಯಾಮ.

ಇಷ್ಟರಿಂದ ಗುಣವಾಗದಿದ್ದರೆ ಸ್ತ್ರೀರೋಗ ತಜ್ಞೆಯನ್ನು ಅಥವಾ ಮೂತ್ರರೋಗ ತಜ್ಞರನ್ನು ಕಾಣಬೇಕು. ಔಷಧಿಯಿದೆ, ಸಣ್ಣ ಶಸ್ತ್ರಚಿಕಿತ್ಸೆಗಳೂ ಇವೆ. ಹಡಗಲಿಯಿಂದ ದಾವಣಗೆರೆ, ಹುಬ್ಬಳ್ಳಿ, ಬಳ್ಳಾರಿ ಮೂರೂ ಕಡೆ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ದಾರಿ ದೂರ, ನಿಜ. ಆದರೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲ. ಕುಳಿತುಕೊಳ್ಳುವಾಗ ಒಂದು ಮೆತ್ತನೆಯ ದಿಂಬು ಒಯ್ಯಿರಿ, ಹಳೆಯ ಎಕ್ಸ್‌ರೇ ಮತ್ತು ಡಿಸ್‌ಚಾರ್ಜ್ ಕಾಗದ ಮರೆಯದಿರಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಮೂತ್ರ ಕಟ್ಟಿಹೋಗುವುದು, ತೊಡೆಸಂದಿಯ ಸುತ್ತ ಹೊಸದಾಗಿ ಮರಗಟ್ಟುವುದು, ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದುವುದು, ಗಾಯದ ಜಾಗದಲ್ಲಿ ಕೀವು ಮತ್ತು ಜ್ವರ, ಒಂದು ಮೀನಖಂಡ ಊದಿ ನೋಯುವುದು, ಉಸಿರಾಟದ ತೊಂದರೆ. ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪತಿ ಪತ್ನಿಯ ನಡುವಿನ ಮೌನ

ಪತ್ರದಲ್ಲಿ ಈ ಬಗ್ಗೆ ಎರಡೇ ಸಾಲುಗಳಿವೆ. ಆದರೆ ಇಡೀ ಪತ್ರದ ಭಾರ ಆ ಎರಡು ಸಾಲುಗಳ ಮೇಲಿದೆ ಎಂದು ನನಗನಿಸಿತು. ಪತಿ ಬೇರೆ ಕೋಣೆಯಲ್ಲಿ ಮಲಗುವುದಕ್ಕೆ ಕಾರಣವೇನು? ನಿಮಗೆ ನೋವಾದೀತೆಂಬ ಭಯವಿರಬಹುದು. ಬೈಕ್ ಓಡಿಸುತ್ತಿದ್ದವರು ತಾವು ಎಂಬ ಅಪರಾಧಿ ಭಾವನೆಯಿರಬಹುದು. ನೀವು ಅದನ್ನು ತಿರಸ್ಕಾರ ಎಂದುಕೊಂಡಿದ್ದೀರಿ. ಅವರು ನಿಮ್ಮ ಮೌನವನ್ನು ಸಿಟ್ಟು ಎಂದುಕೊಂಡಿರಬಹುದು. ಎಷ್ಟೋ ಮನೆಗಳಲ್ಲಿ ಅಪಘಾತಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಅಪಘಾತದ ನಂತರದ ಮೌನ.

ಮೊದಲು ಮಾತನಾಡಿ. ಇಂತಹ ಗಾಯದ ನಂತರ ದಾಂಪತ್ಯದಲ್ಲಿ ನೋವಾಗುವುದು ಸಾಮಾನ್ಯ, ಬಹಳಷ್ಟು ಮಂದಿಗೆ ಅದು ಕಡಿಮೆಯೂ ಆಗುತ್ತದೆ. ದಿಂಬಿನ ಆಸರೆ, ಸೊಂಟದ ಮೇಲೆ ಭಾರ ಬೀಳದ ಭಂಗಿ, ಅವಸರವಿಲ್ಲದಿರುವುದು, ಮೊದಲೇ ಬಿಸಿ ನೀರಿನ ಸ್ನಾನ, ಇವುಗಳಿಂದ ಅನೇಕರಿಗೆ ಸುಲಭವಾಗಿದೆ. ಒಣಗುವಿಕೆಗೆ, ಸ್ನಾಯುಗಳ ಸೆಳೆತಕ್ಕೆ ಸ್ತ್ರೀರೋಗ ತಜ್ಞೆಯ ಬಳಿ ಚಿಕಿತ್ಸೆಯಿದೆ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ. ಅದಕ್ಕೂ ಮೊದಲು ಒಂದೇ ಕೋಣೆಯಲ್ಲಿ ಮಲಗಿ, ಬರೀ ಮಾತನಾಡುತ್ತಾ ನಿದ್ದೆ ಹೋಗಿ. ಕುರ್‌ಆನ್ ಪತಿ ಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಿದೆ. ಉಡುಪು ಗಾಯವನ್ನು ಮುಚ್ಚುತ್ತದೆ, ಬೆಚ್ಚಗಿಡುತ್ತದೆ. ಗಾಯಗೊಂಡವರನ್ನು ಚಳಿಯಲ್ಲಿ ಬಿಡುವುದಿಲ್ಲ.

ಗಾಯಗೊಂಡದ್ದು ಪತಿಯಾಗಿದ್ದರೆ? ಗಂಡಸರಲ್ಲಿ ಈ ಗಾಯ ಮೂತ್ರನಾಳವನ್ನೂ ನರಗಳನ್ನೂ ಘಾಸಿಗೊಳಿಸಿ ಲೈಂಗಿಕ ದೌರ್ಬಲ್ಯ ತರಬಹುದು. ಹೊರಗೆ ಹೇಳಲಾಗದ ಅವಮಾನದಿಂದ ಆತ ಮುಂಗೋಪಿಯಾಗುತ್ತಾನೆ, ಪತ್ನಿ ತನ್ನದೇ ತಪ್ಪೇನೋ ಎಂದು ಕೊರಗುತ್ತಾಳೆ. ಅದು ಗಾಯದ ಪರಿಣಾಮ, ಅದಕ್ಕೆ ಮೂತ್ರರೋಗ ತಜ್ಞರ ಬಳಿ ಚಿಕಿತ್ಸೆಯಿದೆ. ಗೋಡೆಯ ಮೇಲೆ ಜಾಹೀರಾತು ಬರೆಸುವವರ ಬಳಿ ಹೋಗಿ ಹಣ ಕಳೆದುಕೊಳ್ಳಬೇಡಿ.

ಇನ್ನೊಂದು ಮಗು ಆಗಬಹುದೇ ಎಂದೂ ಸಹೋದರಿ ಕೇಳಿದ್ದಾರೆ. ಆಗಬಹುದು. ಸೊಂಟದ ಗೂಡು ಮುರಿದು ಕೂಡಿದ ಅನೇಕ ಮಹಿಳೆಯರು ಗರ್ಭ ಧರಿಸಿದ್ದಾರೆ. ಪ್ಲೇಟ್, ಸ್ಕ್ರೂ ಇದ್ದಂತೆಯೇ ಸಹಜ ಹೆರಿಗೆಯಾದವರೂ ಇದ್ದಾರೆ. ಪ್ಲೇಟ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಕಡ್ಡಾಯವಲ್ಲ. ಗೂಡಿನ ಆಕಾರ, ಎಲುಬು ಎಷ್ಟು ಸರಿದಿದೆ, ಮಗುವಿನ ಗಾತ್ರ ಇವನ್ನೆಲ್ಲ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆದರೆ ಗರ್ಭ ನಿಂತ ಕೂಡಲೇ ಹಳೆಯ ಎಕ್ಸ್‌ರೇ ತೋರಿಸಿ ಅಪಘಾತದ ವಿಷಯ ಹೇಳಬೇಕು, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು.

ಮನೆ ಬದಲಾಗಲಿ

ಎಲುಬನ್ನು ವೈದ್ಯರು ಕೂಡಿಸಿದರು. ಉಳಿದದ್ದನ್ನು ಮನೆಯವರು ಕೂಡಿಸಬೇಕು. ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಒಲೆಯನ್ನು ನೆಲದಿಂದ ಎತ್ತಿ ಕಟ್ಟೆಯ ಮೇಲಿಡಿ, ರೊಟ್ಟಿಯನ್ನು ನಿಂತು ಅಥವಾ ಎತ್ತರದ ಸ್ಟೂಲಿನಲ್ಲಿ ಕುಳಿತು ತಟ್ಟಬಹುದು. ಕುಕ್ಕರಗಾಲಿನ ಶೌಚಾಲಯದ ಮೇಲೆ ಇಡುವ ಕಮೋಡ್ ಕುರ್ಚಿ ಅಂಗಡಿಗಳಲ್ಲಿ ಸಿಗುತ್ತದೆ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಹಾಕಿಸಿ. ಮಲಗಲು ಮಂಚ ಇರಲಿ. ನೀರಿನ ಕೊಡ ಗಂಡು ಮಕ್ಕಳು ಹೊರಲಿ, ಪ್ರವಾದಿವರ್ಯರು(ಸ) ಸ್ವತಃ ಮನೆಗೆಲಸ ಮಾಡುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರಲ್ಲ! ಮದುವೆ ಮನೆಯವರು ನೆಲದ ಪಂಕ್ತಿಯ ಪಕ್ಕದಲ್ಲಿ ನಾಲ್ಕು ಕುರ್ಚಿಗಳನ್ನು ಹಾಕಿದರೆ ಎಷ್ಟು ಜನ ವೃದ್ಧೆಯರು, ರೋಗಿಗಳು ದುಆ ಮಾಡಿಯಾರು!

ದಿನವೂ ನಡೆಯುವುದನ್ನು ಬಿಡಬೇಡಿ. ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನೋವೆಂದು ಪೂರ್ತಿ ಮಲಗಿದರೆ ಸ್ನಾಯು ಸೋಲುತ್ತದೆ, ನೋವು ಹೆಚ್ಚುತ್ತದೆ. ಎರಡು ಕಾಲುಗಳ ಉದ್ದದಲ್ಲಿ ವ್ಯತ್ಯಾಸವಾಗಿದ್ದರೆ ಚಪ್ಪಲಿಯ ಅಡಿಗೆ ಏರಿಕೆ ಹಾಕಿಸಿದರೆ ನಡಿಗೆ ಸರಿಯಾಗುತ್ತದೆ. ಸ್ಕ್ರೂ, ಪ್ಲೇಟ್‌ಗಳನ್ನು ತೆಗೆಸಲೇಬೇಕೆಂದಿಲ್ಲ, ಸೋಂಕು ಅಥವಾ ಅದರಿಂದಲೇ ನೋವು ಇದ್ದರೆ ಮಾತ್ರ ವೈದ್ಯರು ತೆಗೆಯುತ್ತಾರೆ. ನಿದ್ದೆಯಿಲ್ಲದಿರುವುದು, ಟ್ರ್ಯಾಕ್ಟರ್ ಸದ್ದಿಗೆ ಬೆಚ್ಚಿಬೀಳುವುದು, ಬದುಕೇ ಬೇಡವೆನಿಸುವುದು, ಇವೆಲ್ಲ ಈಮಾನಿನ ಕೊರತೆಯಲ್ಲ, ಅಪಘಾತದ ಗಾಯ. ಮನೋವೈದ್ಯರಿಂದ ಇದಕ್ಕೂ ಚಿಕಿತ್ಸೆಯಿದೆ.

ಸೊಂಟದ ಬಟ್ಟಲಿಗೇ, ಅಂದರೆ ತೊಡೆಯ ಎಲುಬು ಕೂರುವ ಕೀಲಿಗೇ ಪೆಟ್ಟಾದವರು ಭವಿಷ್ಯದ ಬಗ್ಗೆ ಭಯಪಡುತ್ತಾರೆ. ಅವರಿಗೊಂದು ಸಮಾಧಾನದ ಮಾತು. ಅಂತಹ 816 ಶಸ್ತ್ರಚಿಕಿತ್ಸೆಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಒಂದು ವರದಿಯ ಲೆಕ್ಕದಂತೆ, ಇಪ್ಪತ್ತು ವರ್ಷಗಳ ನಂತರವೂ ನೂರರಲ್ಲಿ 79 ಮಂದಿಯ ಸ್ವಂತ ಕೀಲು ಉಳಿದಿತ್ತು. ಉಳಿದವರಿಗೆ ಕೃತಕ ಕೀಲಿನ ದಾರಿಯಿದೆ.

ಹಕ್ಕನ್ನು ಬಿಡಬೇಡಿ

ಗೃಹಿಣಿಗೆ ಆದಾಯವಿಲ್ಲ, ಆದ್ದರಿಂದ ಪರಿಹಾರವೇನು ಕೇಳುವುದು ಎಂದು ಕೆಲವರು ಸುಮ್ಮನಾಗುತ್ತಾರೆ. ಇದು ತಪ್ಪು. 2021ರ ಜನವರಿಯಲ್ಲಿ ಕೀರ್ತಿ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಕೆಲಸಕ್ಕೂ ಆದಾಯದ ಬೆಲೆ ಕಟ್ಟಬೇಕೆಂದು ಹೇಳಿತು. ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆಂಬ 2019ರ ಸರಕಾರಿ ಸಮೀಕ್ಷೆಯನ್ನು ಆ ತೀರ್ಪು ಉಲ್ಲೇಖಿಸಿದೆ. ಅಂಕಪಟ್ಟಿ ಮರೆತದ್ದನ್ನು ನ್ಯಾಯಾಲಯ ನೆನಪಿಸಿತು. ಅದಕ್ಕೂ ಮೊದಲು 2010ರಲ್ಲಿ ರಾಜಕುಮಾರ್ ಪ್ರಕರಣದಲ್ಲಿ, ಅಂಗವೈಕಲ್ಯದ ಶೇಕಡಾವಾರು ಸಂಖ್ಯೆಯನ್ನು ಮಾತ್ರ ನೋಡದೆ ಅದರಿಂದ ಆ ವ್ಯಕ್ತಿಯ ದುಡಿಮೆ ಎಷ್ಟು ಕುಂದಿತು ಎಂಬುದನ್ನು ನೋಡಬೇಕೆಂದು ಅದೇ ನ್ಯಾಯಾಲಯ ಹೇಳಿತ್ತು.

ಮೋಟಾರು ವಾಹನ ಪರಿಹಾರ ನ್ಯಾಯಮಂಡಳಿಗೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕುವುದು ಸುರಕ್ಷಿತ. ತಡವಾಗಿದ್ದರೂ ವಕೀಲರನ್ನು ಒಮ್ಮೆ ಕೇಳಿ ನೋಡಿ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಬಿಲ್ಲುಗಳು, ಎಕ್ಸ್‌ರೇಗಳು ಒಂದು ಚೀಲದಲ್ಲಿ ಜೋಪಾನವಾಗಿರಲಿ. ಮೂತ್ರದ ತೊಂದರೆ, ದಾಂಪತ್ಯದ ತೊಂದರೆಗಳು ವೈದ್ಯರ ಕಾಗದದಲ್ಲಿ ಬರೆದಿದ್ದರೆ ಮಾತ್ರ ಅವಕ್ಕೆ ಪರಿಹಾರ ಕೇಳಬಹುದು. ನಾಚಿಕೆಯಿಂದ ಹೇಳದಿದ್ದರೆ ಅಲ್ಲೂ ನಷ್ಟ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಚಲನ ವೈಕಲ್ಯವಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ಗುರುತಿನ ಚೀಟಿಗೂ ಸೌಲಭ್ಯಗಳಿಗೂ ಅರ್ಹತೆಯಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಗೆ ಅವಕಾಶವಿದೆ.

ದಾರಿಯಲ್ಲಿ ಬಿದ್ದವರಿಗಾಗಿ

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕನನ್ನು ನೀವು ಮರೆತಿರಲಾರಿರಿ. ಪ್ರಾಣ ಹೋಗುತ್ತಿರುವಾಗಲೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡ ಆತನ ಹೆಸರಿನಲ್ಲಿ ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ತಂದಿತು. ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂ.ವರೆಗೆ ನೆರವು ಅದರಲ್ಲಿತ್ತು. 2025ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳೊಳಗಿನ ಚಿಕಿತ್ಸೆಗೆ 1.5 ಲಕ್ಷ ರೂ.ವರೆಗೆ ನಗದುರಹಿತ ಸೌಲಭ್ಯವಿದೆ. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಕಾಡಬಾರದೆಂಬ ಕಾನೂನು ಕೂಡಾ ಇದೆ.

ನಾಳೆ ನಿಮ್ಮ ಕಣ್ಣ ಮುಂದೆ ಇಂತಹದ್ದು ನಡೆದರೆ 108ಕ್ಕೆ ಕರೆ ಮಾಡಿ. ಸೊಂಟ ಮುರಿದ ಸಂಶಯವಿರುವವರನ್ನು ಎತ್ತಿ ಕೂರಿಸಬೇಡಿ, ಆಟೋದಲ್ಲಿ ಮಡಚಿ ಹಾಕಬೇಡಿ, ಹೊರಳಾಡಿಸಬೇಡಿ. ಸೊಂಟದ ಗೂಡಿನೊಳಗೆ ಲೀಟರುಗಟ್ಟಲೆ ರಕ್ತ ಹರಿದು ಹೊರಗೆ ಒಂದು ಹನಿಯೂ ಕಾಣದಿರಬಹುದು. ಎರಡೂ ಮೊಣಕಾಲುಗಳನ್ನು ಜೋಡಿಸಿ ಕಟ್ಟಿ. ತೊಡೆಯ ಮೇಲ್ಭಾಗದಲ್ಲಿ ಹೊರಕ್ಕೆ ಗಟ್ಟಿಯಾಗಿ ಕೈಗೆ ಸಿಗುವ ಎಲುಬಿನ ಮಟ್ಟದಲ್ಲಿ, ಹೊಟ್ಟೆಗಲ್ಲ, ಮಡಚಿದ ಬೆಡ್‌ಶೀಟನ್ನೋ ಅಗಲವಾದ ದುಪಟ್ಟಾವನ್ನೋ ಸುತ್ತಿ ಬಿಗಿಯಾಗಿ ಕಟ್ಟಿ, ಮಲಗಿಸಿಯೇ ಸಾಗಿಸಿ. ತಲೆಯ ಮೇಲಿನ ಒಂದು ತುಂಡು ಬಟ್ಟೆ ಒಬ್ಬರ ಪ್ರಾಣ ಉಳಿಸಬಹುದು.

ಕೊನೆಗೆ ಮತ್ತೆ ಹಿರೇಹಡಗಲಿಯ ಸಹೋದರಿಗೆ. ನೀವು ಪತ್ರ ಬರೆದದ್ದೇ ಚಿಕಿತ್ಸೆಯ ಮೊದಲ ಹೆಜ್ಜೆ. ಎರಡನೆಯ ಹೆಜ್ಜೆಯಾಗಿ ಆ ನಾಲ್ಕು ಪುಟಗಳನ್ನು ನಿಮ್ಮ ಪತಿಗೆ ಓದಲು ಕೊಡಿ. ಮೂರನೆಯದು, ಈ ವಾರವೇ ವೈದ್ಯೆಯ ಬಳಿ ಹೋಗಿ. ಅದಕ್ಕೂ ಮೊದಲು, ಇಂದಿನ ಇಶಾ ನಮಾಝನ್ನು ಕುರ್ಚಿಯ ಮೇಲೆ ಕುಳಿತು ನಿರ್ವಹಿಸಿ. ಬಾಗಲಾಗದಿದ್ದರೆ ತಲೆಯಷ್ಟೇ ಬಾಗಲಿ. ಯಾರಿಗೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸದ ಅಲ್ಲಾಹನು ನಿಮ್ಮ ನಮಾಝನ್ನೂ ನಿಮ್ಮ ಸಹನೆಯನ್ನೂ ಸ್ವೀಕರಿಸಲಿ, ಸಂಪೂರ್ಣ ಗುಣ ಕೊಡಲಿ. ಆಮೀನ್.